ಸುಣ್ಣಕ್ಕೊಂದು ಚಿಟಿಕೆ ನೀಲಿ

ಗಣೇಶನ ಹಬ್ಬ ಮುಗಿದು ದೀಪಾವಳಿ ಬರುವವರೆಗಿನ ದಿನಗಳು ಬಣ್ಣದಂಗಡಿಯವರಿಗೆ ಸುಗ್ಗಿ. ಕೌಂಟರ್ ಮೇಲೆ ಬಿಚ್ಚಿಟ್ಟ ಶೇಡ್ ಕಾರ್ಡಿನಲ್ಲಿ ನೂರಾರು ಬಣ್ಣಗಳಿದ್ದರೂ ನಡುಮನೆಯ ಗೋಡೆಯ ಮಾತು ಬಂದಾಗ ಎಷ್ಟೋ ಕುಟುಂಬಗಳ ವಾದ ಕೊನೆಗೆ ಎರಡು ಪಕ್ಷವಾಗಿ ನಿಲ್ಲುತ್ತದೆ. ಒಂದು ಪಕ್ಷಕ್ಕೆ ಬಿಳಿಯೇ ಆಗಬೇಕು: ಬೆಳಕು ಚೆನ್ನ, ನೋಡಲು ಶುಭ್ರ, ಯಾವ ಸೋಫಾ ತಂದಿಟ್ಟರೂ ಒಪ್ಪುತ್ತದೆ. ಇನ್ನೊಂದು ಪಕ್ಷಕ್ಕೆ ಬಿಳಿ ಎಂದರೆ ಆಸ್ಪತ್ರೆ. ತಿಳಿನೀಲಿಯಾದರೆ ತಂಪು, ಕಣ್ಣಿಗೆ ಹಿತ, ಕೊಳೆಯೂ ಎದ್ದು ಕಾಣದು. ಅವರವರ ಇಷ್ಟ ಎಂದು ಪೇಂಟರ್ ನಗುತ್ತಾನೆ, ಯಾವುದಾದರೂ ಅವನ ಕೂಲಿ ಅಷ್ಟೇ. ಆದರೆ ಇಷ್ಟ ಎಂಬ ಒಂದೇ ಮಾತಿಗೆ ಇದನ್ನು ಬಿಟ್ಟುಬಿಡುವ ಹಾಗಿಲ್ಲ. ಗೋಡೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ತಾರಸಿ ಎಷ್ಟು ಬಿಸಿಲು ಕುಡಿಯುತ್ತದೆ ಎಂಬುದೆಲ್ಲ ಅಳೆಯಬಹುದಾದ ಸಂಗತಿ. ಅಳೆದು ನೋಡಿದರೆ ಇವೆರಡೂ ಸರಿಸಮ ಎದುರಾಳಿಗಳೇ ಅಲ್ಲ. ಬಿಳಿ ಅನ್ನವಾದರೆ ನೀಲಿ ಉಪ್ಪಿನಕಾಯಿ. ನಮ್ಮ ಹಿಂದಿನವರು ಇದನ್ನು ಯಾವ ಮೀಟರೂ ಇಲ್ಲದೆ ಕಂಡುಕೊಂಡಿದ್ದರು ಎಂಬುದು ನನ್ನ ವಾದ. ಸಾಕ್ಷಿ ಸುಣ್ಣದ ಬಕೆಟ್ಟಿನಲ್ಲೇ ಇದೆ.

ಪಟ್ಟಣಗಳಲ್ಲಿ ಸುಣ್ಣ ಬಳಿಯುವುದು ಅಪರೂಪವಾಗಿರುವುದರಿಂದ ಅದನ್ನು ಸ್ವಲ್ಪ ಹತ್ತಿರದಿಂದಲೇ ನೋಡೋಣ. ಸುಣ್ಣದ ಕಲ್ಲನ್ನೋ, ಕರಾವಳಿಯಲ್ಲಾದರೆ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಒಳಗಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ಹಳೆಯ ಡ್ರಮ್ಮಿಗೆ ಹಾಕಿ ನೀರು ಹೊಯ್ದರೆ ಕೆಳಗೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು, ಮಾರನೆಯ ದಿನ ತೆಳುಬಟ್ಟೆಯಲ್ಲಿ ಸೋಸಿ, ಒರಗಿದವರ ಬೆನ್ನಿಗೆ ಅಂಟದಿರಲೆಂದು ಗೋಂದನ್ನೋ ಉಪ್ಪನ್ನೋ ಬೆರೆಸಿ, ನಾರಿನ ಕುಂಚದಲ್ಲಿ ಬಳಿಯುತ್ತಾರೆ. ಬಳಿದ ಕೂಡಲೇ ಗೋಡೆ ಬೆಳ್ಳಗಾಗುವುದಿಲ್ಲ. ಒದ್ದೆ ಬೂದಿಯ ಬಣ್ಣ. ಹಳೆಯ ಕಲೆಗಳೆಲ್ಲ ಒಳಗಿನಿಂದ ಇಣುಕುತ್ತಿರುತ್ತವೆ. ಹೊಸಬನಾದರೆ ಗಾಬರಿಬಿದ್ದು ಇನ್ನಷ್ಟು ದಪ್ಪಗೆ ಮೆತ್ತುತ್ತಾನೆ, ಅದು ಒಣಗಿದ ಮೇಲೆ ಹಕ್ಕಳೆಯಾಗಿ ಉದುರುತ್ತದೆ. ಪಳಗಿದವನು ಕಾಯುತ್ತಾನೆ. ನೀರು ಆರಿದಂತೆ ಸುಣ್ಣದ ಕಣಗಳ ನಡುವೆ ಗಾಳಿ ತುಂಬುತ್ತದೆ. ನೀರಿನೊಳಗಿಂದ ಸುಣ್ಣದ ಕಣಕ್ಕೆ ನುಗ್ಗುವಾಗ ಹೆಚ್ಚು ಬಾಗದಿದ್ದ ಬೆಳಕು, ಗಾಳಿಯಿಂದ ನುಗ್ಗುವಾಗ ಜೋರಾಗಿ ಬಾಗಿ ಎಲ್ಲ ದಿಕ್ಕಿಗೂ ಚೆದರುತ್ತದೆ. ಗೋಡೆ ನೋಡನೋಡುತ್ತಿದ್ದಂತೆ ಬೆಳ್ಳಗಾಗುತ್ತ ಬರುತ್ತದೆ. ಮುಂದಿನ ವಾರಗಳಲ್ಲಿ ಸುಣ್ಣ ಗೂಡಿನಲ್ಲಿ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಹೀರಿಕೊಂಡು ಮತ್ತೆ ತೆಳ್ಳನೆಯ ಕಲ್ಲಾಗುತ್ತದೆ.

ಕುಂಚ ಅದ್ದುವ ಮೊದಲು ಬಕೆಟ್ಟಿಗೆ ಬೀಳುತ್ತಿದ್ದ ಕೊನೆಯ ಸಾಮಾನು ನೀಲಿ. ಬಿಳಿ ಪಂಚೆಗೆ, ಅಂಗಿಗೆ ಹಾಕುತ್ತಿದ್ದ ಅದೇ ನೀಲಿ ಪುಡಿ. ಚಿಂದಿ ಬಟ್ಟೆಯಲ್ಲಿ ಗಂಟು ಕಟ್ಟಿ ಸುಣ್ಣದ ನೀರಿನಲ್ಲಿ ಆಡಿಸುತ್ತಾರೆ. ಪುಡಿಯನ್ನು ನೇರವಾಗಿ ಸುರಿದರೆ ಸರಿಯಾಗಿ ಬೆರೆಯದೆ ಉಳಿದ ಕಣ ಗೋಡೆಯ ಮೇಲೆ ಉದ್ದಕ್ಕೆ ನೀಲಿ ಗೆರೆ ಎಳೆದುಬಿಡುತ್ತದೆ. ಚಿಟಿಕೆಯಷ್ಟು ಹಾಕುವವರ ಉದ್ದೇಶ ಗೋಡೆಯನ್ನು ನೀಲಿ ಮಾಡುವುದಲ್ಲ, ಇನ್ನಷ್ಟು ಬೆಳ್ಳಗೆ ಕಾಣಿಸುವುದು. ಸುಣ್ಣದಲ್ಲಿ ಕಬ್ಬಿಣದ ಅಂಶ ಕೊಂಚವಿದ್ದರೂ ಹಳದಿ ಛಾಯೆ ಬರುತ್ತದೆ. ಈ ನೀಲಿ ಹಳದಿ, ಕಿತ್ತಳೆ ಬೆಳಕನ್ನು ತಾನು ನುಂಗಿಕೊಂಡು ಬಣ್ಣಗಳ ಪಾಲನ್ನು ಸಮ ಮಾಡುತ್ತದೆ. ಇಲ್ಲೊಂದು ತಮಾಷೆಯಿದೆ. ಲೆಕ್ಕಕ್ಕೆ ಹಿಡಿದರೆ ನೀಲಿ ಬಿದ್ದ ಸುಣ್ಣ ಮೊದಲಿಗಿಂತ ಒಂದಿಷ್ಟು ಕಡಿಮೆ ಬೆಳಕನ್ನೇ ಹಿಂದಿರುಗಿಸುತ್ತದೆ, ಆದರೂ ಕಣ್ಣು ಅದನ್ನೇ ಹೆಚ್ಚು ಬಿಳಿಯೆಂದು ಒಪ್ಪುತ್ತದೆ. ಆ ಪುಡಿಯ ಹೆಸರು ಅಲ್ಟ್ರಾಮರೀನ್. ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಯ ಲ್ಯಾಪಿಸ್ ಲಜುಲಿ ಕಲ್ಲನ್ನು ಅರೆದು ತೆಗೆಯಬೇಕಾಗಿದ್ದ ಈ ನೀಲಿ ಯೂರೋಪಿನ ಚಿತ್ರಕಾರರಿಗೆ ಚಿನ್ನದಷ್ಟು ದುಬಾರಿ. ಅದನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ಮಾಡಿಕೊಟ್ಟವರಿಗೆ 6000 ಫ್ರಾಂಕ್ ಬಹುಮಾನವೆಂದು ಫ್ರಾನ್ಸಿನ ಸಂಘವೊಂದು 1824ರಲ್ಲಿ ಸಾರಿತು. 1828ರಲ್ಲಿ ಗಿಮೆ ಎಂಬ ರಸಾಯನಜ್ಞ ಗೆದ್ದ. ಅಲ್ಲಿಂದ ಮುಂದೆ ಅದು ಕಿರಾಣಿ ಅಂಗಡಿಯ ಪೊಟ್ಟಣಕ್ಕೆ ಇಳಿಯಿತು. ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಪ್ರಶ್ಯನ್ ಬ್ಲೂದಂಥ ನೀಲಿಗಳು ಕೆಟ್ಟುಹೋಗುತ್ತವೆ, ಅಲ್ಟ್ರಾಮರೀನ್ ಕೆಡದೆ ನಿಲ್ಲುತ್ತದೆ. ಇವತ್ತಿನ ಎಮಲ್ಷನ್ ಡಬ್ಬದ ಬಿಳಿಯೂ ಬೇರೆಯಲ್ಲ. ಅದರ ಬಿಳುಪಿಗೆ ಕಾರಣವಾದ ಟೈಟಾನಿಯಂ ಡೈಆಕ್ಸೈಡ್ ನೇರಳೆಯ ಅಂಚಿನ ಬೆಳಕನ್ನು ಸ್ವಲ್ಪ ಹೀರುವುದರಿಂದ ತೀರ ಸಣ್ಣ ಹಳದಿ ಛಾಯೆ ತೋರುತ್ತದೆ. ಅದನ್ನು ಮುಚ್ಚಲು ತಯಾರಕರು ಹನಿಯಷ್ಟು ನೀಲಿಯನ್ನೋ ನೇರಳೆಯನ್ನೋ ಸೇರಿಸುವುದುಂಟು. ಹಬ್ಬಕ್ಕೆ ಹೊಡೆಸುವ ಅಚ್ಚ ಬಿಳಿಯಲ್ಲೂ ಹೀಗೆ ನೀಲಿ ಅಡಗಿರುತ್ತದೆ.

ಇನ್ನು ಬೆಳಕಿನ ಲೆಕ್ಕ. ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹಿಂದಕ್ಕೆ ಕೊಡುತ್ತದೆ ಎಂಬುದಕ್ಕೆ ಬಣ್ಣದ ಕಂಪನಿಗಳು ಎಲ್‌ಆರ್‌ವಿ ಎಂಬ ಅಂಕಿ ಇಟ್ಟುಕೊಂಡಿರುತ್ತವೆ. ಒಳ್ಳೆಯ ಬಿಳಿಗೆ ಅದು 80ರಿಂದ 90. ತಿಳಿನೀಲಿಗಳು 50ರಿಂದ 70ರ ಒಳಗೆ ಬರುತ್ತವೆ. ಕಡುನೀಲಿ 10ರ ಆಸುಪಾಸು. 80ಕ್ಕೂ 50ಕ್ಕೂ ಇರುವ ಅಂತರ ಮೂವತ್ತೇ ತಾನೇ ಎನ್ನಿಸಬಹುದು. ಆದರೆ ಕೋಣೆಯಲ್ಲಿ ಬೆಳಕು ಒಂದೇ ಸಲ ಗೋಡೆಗೆ ತಾಗಿ ಸುಮ್ಮನಾಗುವುದಿಲ್ಲ. ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಸೂರಿಗೆ, ಸೂರಿನಿಂದ ಮತ್ತೆ ಗೋಡೆಗೆ ಚೆಂಡಿನಂತೆ ಪುಟಿಯುತ್ತದೆ. ಎಲ್ಲ ಮೈಯೂ ನೂರಕ್ಕೆ 80 ಹಿಂದಿರುಗಿಸುವ ಮುಚ್ಚಿದ ಕೋಣೆಯಾದರೆ ಕಿಟಕಿಯಿಂದ ಬಂದ ಒಂದು ಪಾಲು ಬೆಳಕು ಮೊದಲು ಒಂದು, ಆಮೇಲೆ 0.8, ಆಮೇಲೆ 0.64 ಎಂದು ಕೂಡುತ್ತ ಹೋಗಿ ಒಟ್ಟು ಐದು ಪಾಲಾಗುತ್ತದೆ. 50 ಹಿಂದಿರುಗಿಸುವ ಕೋಣೆಯಲ್ಲಿ ಎರಡೇ ಪಾಲು. ಕಡುನೀಲಿಯಲ್ಲಿ ಒಂದರ ಮೇಲೆ ಒಂಚೂರು. ನಿಜವಾದ ಮನೆಯಲ್ಲಿ ನೆಲ, ಬೀರು, ಪರದೆ ಎಲ್ಲವೂ ಬೆಳಕು ನುಂಗುವುದರಿಂದ ಅಂತರ ಇಷ್ಟು ವಿಪರೀತ ಇರುವುದಿಲ್ಲ, ಆದರೆ ತಕ್ಕಡಿ ಎತ್ತ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಬೆಂಗಳೂರಿನ 20×30, 30×40 ಸೈಟುಗಳಲ್ಲಿ ಪಕ್ಕದ ಮನೆಯ ಗೋಡೆ ಕೈಚಾಚಿದರೆ ಸಿಗುವಷ್ಟು ಹತ್ತಿರವಿರುತ್ತದೆ. ಮಲೆನಾಡಿನ ಮನೆಯ ನಡುಕೋಣೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕೇ ಗತಿ. ಇಂಥ ಕಡೆ ನಾಲ್ಕೂ ಗೋಡೆಗೆ ನೀಲಿ ಹೊಡೆಸಿದರೆ ಹಗಲಲ್ಲೇ ಲೈಟ್ ಹಾಕಬೇಕಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವ, ಸೊಪ್ಪು ಬಿಡಿಸುವ, ಮಕ್ಕಳು ಪುಸ್ತಕ ಹಿಡಿದು ಕೂರುವ ಜಾಗಗಳಿಗೆ ಬಿಳಿಯ ಹತ್ತಿರದ ಬಣ್ಣವೇ ತಕ್ಕದ್ದು.

ಅದೇ ಪುಟಿದಾಟ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಶೇಡ್ ಕಾರ್ಡಿನಲ್ಲಿ ಬೆರಳಗಲದ ಚೌಕದಲ್ಲಿ ಹಾಲಿನಂತೆ ತಿಳಿಯಾಗಿ ಕಂಡ ನೀಲಿ, ಗೋಡೆಗೆ ಹೊಡೆದ ಮೇಲೆ ಈಜುಕೊಳದ ಹಾಗೆ ಕಾಣುವುದು ಅನೇಕರ ದೂರು. ಅಂಗಡಿಯವನು ಬೇರೆ ಡಬ್ಬ ಕೊಟ್ಟ ಎಂದು ಸಂಶಯಪಡುವವರೂ ಇದ್ದಾರೆ. ತಪ್ಪು ಅವನದಲ್ಲ. ಒಂದು ತಿಳಿನೀಲಿ ನೀಲಿ ಬೆಳಕಿನಲ್ಲಿ ನೂರಕ್ಕೆ 80, ಕೆಂಪು ಬೆಳಕಿನಲ್ಲಿ 50 ಹಿಂದಿರುಗಿಸುತ್ತದೆ ಎನ್ನಿ. ಕಾರ್ಡಿನ ಮೇಲೆ ಇವುಗಳ ಅನುಪಾತ 8ಕ್ಕೆ 5. ನಾಲ್ಕು ಗೋಡೆಗೂ ಅದೇ ಬಣ್ಣವಾದಾಗ ಪ್ರತಿ ಪುಟಿತಕ್ಕೂ ಕೆಂಪು ಇನ್ನಷ್ಟು ಸೋರಿಹೋಗುತ್ತದೆ. ಮೇಲಿನ ಮುಚ್ಚಿದ ಕೋಣೆಯ ಲೆಕ್ಕದಂತೆ ಕೂಡಿದರೆ ಗೋಡೆಯಿಂದ ಕಣ್ಣಿಗೆ ಬರುವ ಪಾಲು 4ಕ್ಕೆ 1ರವರೆಗೂ ಹೋಗಬಹುದು. ನೀಲಿಯನ್ನು ನೀಲಿಯೇ ಗಾಢ ಮಾಡುತ್ತದೆ. ಬಿಳಿಗೆ ಈ ಕಾಯಿಲೆಯಿಲ್ಲ, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಪುಟಿಸುತ್ತದೆ. ಇದರ ಮೇಲೆ ಬಲ್ಬಿನ ಆಟ ಬೇರೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಬಿಳಿ ಎಲ್‌ಇಡಿ 6500 ಕೆಲ್ವಿನ್‌ನದು, ಅದೇ ನೀಲಿಯ ಕಡೆ ವಾಲಿದ ಬೆಳಕು. ಅದರ ಕೆಳಗೆ ತಿಳಿನೀಲಿ ಗೋಡೆ ಶೀತ ಹಿಡಿದಂತೆ ಕಾಣುತ್ತದೆ, ಎದುರು ಕೂತವರ ಮುಖದ ಕಳೆ ಇಳಿಯುತ್ತದೆ. 2700 ಕೆಲ್ವಿನ್‌ನ ಹಳದಿ ಬಲ್ಬು ಹಾಕಿದರೆ ಅದೇ ಗೋಡೆ ಬೂದಿಗೆ ತಿರುಗುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ನಿಂತು ಆರಿಸಿದ ನೀಲಿ ಮನೆಯ ಸಂಜೆಗೆ ಅದೇ ನೀಲಿಯಾಗಿ ಉಳಿಯುವುದಿಲ್ಲ.

ಒಳಗಿನ ಬೆಳಕಿನ ಮಾತು ಹೀಗಾದರೆ ಹೊರಗಿನ ಬಿಸಿಲಿನದು ಇನ್ನೂ ಖಚಿತ. ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಅಂದರೆ ರಾಜ್ಯದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಬೆಂಗಳೂರಿಗೆ ಆ ಶೂನ್ಯ ನೆರಳಿನ ದಿನ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ. ನಮ್ಮ ಬೇಸಿಗೆಯಲ್ಲಿ ಮನೆಗೆ ಬಿಸಿಲು ಇಳಿಯುವ ದೊಡ್ಡ ಬಾಗಿಲು ತಾರಸಿ, ಆಮೇಲೆ ಪಶ್ಚಿಮದ ಗೋಡೆ. ನಡುಹಗಲಿನ ಸೂರ್ಯ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತಾನೆ. ಹಳೆಯ ಕಾಂಕ್ರೀಟ್ ತಾರಸಿ ಅದರಲ್ಲಿ ಸುಮಾರು 700 ವ್ಯಾಟನ್ನು ಹೀರಿಕೊಂಡರೆ, ಹೊಸದಾಗಿ ಬಿಳಿ ಬಳಿದದ್ದು ಹೀರುವುದು 200ರ ಸುತ್ತಮುತ್ತ. 800 ಚದರಡಿಯ ತಾರಸಿಯೆಂದರೆ 74 ಚದರ ಮೀಟರ್. ವ್ಯತ್ಯಾಸವನ್ನು ಗುಣಿಸಿದರೆ 37 ಕಿಲೋವ್ಯಾಟ್. ಸಾವಿರ ವ್ಯಾಟಿನ 37 ಇಸ್ತ್ರಿಪೆಟ್ಟಿಗೆಗಳನ್ನು ತಾರಸಿಯ ಮೇಲೆ ಮಗುಚಿಟ್ಟ ಹಾಗೆ. ಅಷ್ಟೂ ಮನೆಯೊಳಗೆ ಬರುವುದಿಲ್ಲ, ಗಾಳಿಗೆ, ಆಕಾಶಕ್ಕೆ ಬಹಳಷ್ಟು ಹೋಗುತ್ತದೆ. ಉಳಿದದ್ದು ಸಂಜೆಯ ಹೊತ್ತಿಗೆ ಸೂರಿನಿಂದ ಇಳಿದು ಫ್ಯಾನಿನ ಗಾಳಿಯನ್ನೇ ಬಿಸಿ ಮಾಡುತ್ತದೆ. 2013ರಲ್ಲಿ ಬಿಸಿಗಾಳಿಗೆಂದೇ ಕಾರ್ಯಯೋಜನೆ ಮಾಡಿಕೊಂಡ ಅಹಮದಾಬಾದ್ ಆಮೇಲೆ ಬಡವರ ಮನೆಗಳ ಮೇಲೆ ಸುಣ್ಣ ಬಳಿಸತೊಡಗಿದ್ದು, ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದದ್ದು ಈ ಲೆಕ್ಕದ ಮೇಲೆಯೇ. ರಾಯಚೂರು, ಕಲಬುರಗಿಯಂಥ 40 ಡಿಗ್ರಿ ದಾಟುವ ಊರುಗಳ ಆರ್‌ಸಿಸಿ ಮತ್ತು ತಗಡಿನ ಮನೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮಂಗಳೂರು ಹಂಚಿನ ಮಾಡಿನಡಿ ಗಾಳಿಯಾಡುವ ಅಟ್ಟವಿದ್ದವರು ಈ ಖರ್ಚಿಗೆ ಆತುರಪಡಬೇಕಿಲ್ಲ.

ಇಲ್ಲಿ ನೀಲಿಯ ಪಕ್ಷದವರು ತಮ್ಮ ದೊಡ್ಡ ಸಾಕ್ಷಿಯನ್ನು ಮುಂದಿಡುತ್ತಾರೆ: ಜೋಧಪುರ. 1459ರಲ್ಲಿ ರಾವ್ ಜೋಧಾ ಕಟ್ಟಿಸತೊಡಗಿದ ಮೆಹರಾನ್‌ಗಢ ಕೋಟೆಯ ಮೇಲಿನಿಂದ ನೋಡಿದರೆ ಹಳೆಯ ಊರಿನ ಮನೆಗಳು ಗುಂಪು ಗುಂಪಾಗಿ ನೀಲಿ. ಮರುಭೂಮಿಯ ಅಂಚಿನವರು ತಂಪಿಗಾಗಿಯೇ ನೀಲಿ ಬಳಿದರು, ಅವರಿಗಿಂತ ಬಿಸಿಲು ಬಲ್ಲವರು ಯಾರು ಎಂಬುದು ವಾದ. ಇದನ್ನು ಸುಮ್ಮನೆ ತಳ್ಳಿಹಾಕಲಾಗದು, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. ಬಿಸಿಲಿನ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣ. ಅಲ್ಟ್ರಾಮರೀನ್ ಕಾಣುವ ಬೆಳಕಿನಲ್ಲಿ ಹಳದಿ, ಕಿತ್ತಳೆಯನ್ನು ನುಂಗುತ್ತದೆ, ಆದರೆ ಅವಗೆಂಪಿನ ಬಹುಪಾಲನ್ನು ತನ್ನ ಮೂಲಕ ದಾಟಲು ಬಿಡುತ್ತದೆ. ಹಿಂದೆ ಸುಣ್ಣವಿದ್ದರೆ ಅದು ಆ ಕಿರಣವನ್ನು ಹೊರಕ್ಕೆ ಅಟ್ಟುತ್ತದೆ. ಆದ್ದರಿಂದ ಸುಣ್ಣಕ್ಕೆ ನೀಲಿ ಬೆರೆಸಿದ ಗೋಡೆ ಕಣ್ಣಿಗೆ ಕಾಣುವಷ್ಟು ಬಿಸಿಲನ್ನೇನೂ ಹೀರುವುದಿಲ್ಲ. ಮಣ್ಣಿನ ಬಣ್ಣದ ಗೋಡೆಗೆ, ಬರಿಯ ಕಲ್ಲಿಗೆ ಹೋಲಿಸಿದರೆ ಅದು ತಂಪೇ. ಆ ತಂಪನ್ನು ಕೊಡುತ್ತಿರುವುದು ಯಾರು ಎಂದು ಕೇಳಿದರೆ ಉತ್ತರ ಸುಣ್ಣ. ನೀಲಿ ಇಲ್ಲದೆ ಅದೇ ಸುಣ್ಣವನ್ನು ಬಳಿದಿದ್ದರೆ ಇನ್ನೂ ಕಡಿಮೆ ಬಿಸಿಯಾಗುತ್ತಿತ್ತು. ಜೋಧಪುರದ ನೀಲಿ ಬ್ರಾಹ್ಮಣರ ಮನೆಯ ಗುರುತಾಗಿ ಶುರುವಾಯಿತು ಎಂಬ ಮಾತೂ ಇದೆ; ಬಣ್ಣ ಹಬ್ಬಲು ಉಷ್ಣಮಾಪಕವೇ ಕಾರಣವಾಗಬೇಕಿಲ್ಲ. ಡಬ್ಬದ ನೀಲಿಗೆ ಈ ರಿಯಾಯಿತಿಯೂ ಇಲ್ಲ. ಒಂದು ನೀಲಿಯಲ್ಲಿ ಇರುವ ವರ್ಣಕ ಇನ್ನೊಂದರಲ್ಲಿ ಇರುವುದಿಲ್ಲ, ಅವಗೆಂಪನ್ನು ಗಟಗಟ ಕುಡಿಯುವ ನೀಲಿಗಳೂ ಇವೆ. ಕಣ್ಣಿನಿಂದ ನೋಡಿ ಅವನ್ನು ಬೇರ್ಪಡಿಸಲಾಗದು.

ಜೋಧಪುರದ ನೀಲಿ ಗೆದ್ದಲು ಬಾರದಂತೆ ತಡೆಯುತ್ತದೆ ಎಂಬ ಇನ್ನೊಂದು ವಿವರಣೆಯಿದೆ: ಸುಣ್ಣಕ್ಕೆ ಮೈಲುತುತ್ತ ಸೇರಿಸುತ್ತಿದ್ದರಂತೆ. ಇದನ್ನು ಕೇಳಿದ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ನಗು ಬರಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದರೆ ಅವರು ಮಳೆಗಾಲದಲ್ಲಿ ಕೊಳೆರೋಗಕ್ಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ರೂಢಿಗೆ ತಂದದ್ದು. ಅದರ ಬಾನುಬಣ್ಣ ಹೊಡೆಯುವವರ ಅಂಗಿಯಿಂದ ಹೋಗುವುದೇ ಇಲ್ಲ. ಅದು ಕೆಲಸ ಮಾಡುವುದು ಮೈಲುತುತ್ತದೊಳಗಿನ ತಾಮ್ರದ ಬಲದಿಂದ, ಅದೂ ಮುಖ್ಯವಾಗಿ ಶಿಲೀಂಧ್ರದ ಮೇಲೆ. ಅಂಗಡಿಯ ನೀಲಿ ಎಮಲ್ಷನ್ನಿನಲ್ಲಾಗಲಿ ಬಟ್ಟೆಗೆ ಹಾಕುವ ನೀಲಿಯಲ್ಲಾಗಲಿ ಆ ಮೈಲುತುತ್ತವಿಲ್ಲ, ಬಣ್ಣ ಒಂದೇ ಎಂದು ಗುಣವೂ ಅದೇ ಇರುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನೀಲಿಗೂ ಸಲ್ಲುತ್ತದೆ. ನೀಲಿಗೆ ನೊಣ, ಸೊಳ್ಳೆ ಬರುವುದಿಲ್ಲವೆಂಬ ನಂಬಿಕೆಯೂ ಹೀಗೆಯೇ. ಆಫ್ರಿಕಾದಲ್ಲಿ ಟ್ಸೆಟ್ಸೆ ನೊಣಗಳನ್ನು ಹಿಡಿಯಲು ತೂಗುಹಾಕುವುದೇ ನೀಲಿ, ಕಪ್ಪು ಬಟ್ಟೆಗಳನ್ನು, ಏಕೆಂದರೆ ಅವು ನೀಲಿಯನ್ನು ಹುಡುಕಿಕೊಂಡು ಬರುತ್ತವೆ. ಡೆಂಗಿ ಹರಡುವ ಸೊಳ್ಳೆಯ ಬಗ್ಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದು ನಮ್ಮ ಉಸಿರಿನ ವಾಸನೆ ಹಿಡಿದ ಮೇಲೆ ಕೆಂಪು, ಕಿತ್ತಳೆ, ಕಪ್ಪು ಮತ್ತು ಹಸಿರು ಬೆರೆತ ನೀಲಿಯ ಕಡೆ ಹಾರಿತು. ಅಚ್ಚ ನೀಲಿಯನ್ನೂ ಬಿಳಿಯನ್ನೂ ಒಂದೇ ಥರ ಕಡೆಗಣಿಸಿತು. ಸೊಳ್ಳೆಯ ಪಂಚಾಯಿತಿಯಲ್ಲಿ ಈ ವ್ಯಾಜ್ಯ ಸಮಬಲ.

ಮನಸ್ಸಿನ ಮಾತಿಗೆ ಬಂದರೆ ನೀಲಿ ಶಾಂತಿ ಕೊಡುತ್ತದೆ, ನಿದ್ದೆ ತರಿಸುತ್ತದೆ, ಓದುವ ಮಕ್ಕಳ ಬುದ್ಧಿ ಚುರುಕು ಮಾಡುತ್ತದೆ ಎಂದು ಬಣ್ಣದ ಜಾಹೀರಾತುಗಳು ಧಾರಾಳವಾಗಿ ಹೇಳುತ್ತವೆ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೀಲಿ ಹಿನ್ನೆಲೆ ಸೃಜನಶೀಲ ಕೆಲಸಕ್ಕೆ ಒಳ್ಳೆಯದೆಂದು ಹೇಳಿ ಬಹಳ ಸದ್ದು ಮಾಡಿತ್ತು. ಅದು ನಡೆದದ್ದು ಬಹುಪಾಲು ಕಂಪ್ಯೂಟರ್ ಪರದೆಯ ಬಣ್ಣದ ಮೇಲೆ, ಮನೆಯ ಗೋಡೆಯ ಮೇಲಲ್ಲ. ಅದರ ಒಂದು ಭಾಗವನ್ನು ಮುಂದೆ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಇನ್ನು ಕೆಲವರು ಮೊಬೈಲಿನ ನೀಲಿ ಬೆಳಕು ನಿದ್ದೆಗೆಡಿಸುತ್ತದೆ ಎಂದು ಓದಿ ಗೋಡೆಯ ನೀಲಿಗೂ ಹೆದರುತ್ತಾರೆ. ದೀಪ ಆರಿಸಿದ ಮೇಲೆ ಗೋಡೆಗೆ ಯಾವ ಬಣ್ಣವೂ ಇಲ್ಲ. ನೀಲಿ ಕಂಡರೆ ನಿಮಗೆ ಹಿತವಾಗುತ್ತದೆಯೇ? ಆ ಹಿತ ನಿಜ, ಅದನ್ನು ಯಾರೂ ಕಸಿಯಬೇಕಿಲ್ಲ. ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿ ಡಬ್ಬಕ್ಕೆ ನೂರು ರೂಪಾಯಿ ಹೆಚ್ಚಿಗೆ ಕೇಳಿದರೆ ಕೊಡಬೇಡಿ.

ಬಿಳಿಯ ವಿರುದ್ಧ ಗೃಹಿಣಿಯರು ಹೇಳುವ ಮಾತಿಗೆ ಮಾತ್ರ ತೂಕವಿದೆ: ಕೊಳೆ. ಸ್ವಿಚ್ಚಿನ ಸುತ್ತ ಕೈಗುರುತು, ಊಟದ ಮೇಜಿನ ಹಿಂದೆ ಅರಿಸಿನದ ಕಲೆ, ಮಂಚದ ತಲೆಯ ಕಡೆ ಎಣ್ಣೆಯ ಜಿಡ್ಡು, ಮಕ್ಕಳ ಕ್ರೆಯಾನ್. ತಿಳಿನೀಲಿಯಲ್ಲಿ ಇವು ಒಂದಷ್ಟು ಮರೆಯಾಗುತ್ತವೆ, ಒಪ್ಪಬೇಕು. ಆದರೆ ನೀಲಿಗೆ ಅದರದೇ ಶತ್ರುಗಳಿವೆ. ತೇವ ಏರುವ ಗೋಡೆಯಲ್ಲಿ ಪುಟ್ಟಿಯ ಮೇಲೆ ಹೂವಿನಂತೆ ಅರಳುವ ಬಿಳಿ ಉಪ್ಪು, ಕುರ್ಚಿ ತಾಗಿ ಎದ್ದ ಗೀರು, ಧೂಳಿನ ಪುಡಿ, ಇವೆಲ್ಲ ನೀಲಿಯಲ್ಲಿ, ಅದರಲ್ಲೂ ಕಡುನೀಲಿಯಲ್ಲಿ ದೂರಕ್ಕೇ ಕಾಣುತ್ತವೆ. ತೇಪೆ ಹಚ್ಚುವುದು ಇನ್ನೂ ಕಷ್ಟ. ಬಿಳಿಯಾದರೆ ಉಳಿದ ಅರ್ಧ ಲೀಟರಿನಿಂದ ಒಂದು ಚೌಕ ಒರೆಸಿ ಹೊಡೆದರೆ ಮುಗಿಯಿತು. ನೀಲಿಯಲ್ಲಿ ಎರಡು ವರ್ಷ ಕಳೆದ ಗೋಡೆಗೂ ಹೊಸ ಡಬ್ಬಕ್ಕೂ ಮೈ ಹೊಂದದೆ ಇಡೀ ಗೋಡೆ ಹೊಡೆಯಬೇಕಾಗುತ್ತದೆ. ಕಡು ಬಣ್ಣಗಳನ್ನು ಬಿಳಿ ವರ್ಣಕ ತೀರ ಕಡಿಮೆಯಿರುವ ಬೇಸಿನಲ್ಲಿ ಕಲಸುವುದರಿಂದ ಅವು ಹಳೆಯ ಗೋಡೆಯನ್ನು ಬೇಗ ಮುಚ್ಚುವುದೂ ಇಲ್ಲ, ಎರಡು ಕೋಟ್ ಎಂದದ್ದು ಮೂರಾಗುತ್ತದೆ. ಮೇಲಾಗಿ ಕೊಳೆ ಕಾಣುವುದನ್ನು ದೋಷವೆಂದೇ ಏಕೆ ತಿಳಿಯಬೇಕು? ಬಚ್ಚಲಿನ ಪೈಪ್ ಒಳಗೆ ಒಡೆದದ್ದು, ತಾರಸಿಯ ಬಿರುಕಿನಿಂದ ನೀರು ಇಳಿಯುತ್ತಿರುವುದು ಬಿಳಿ ಗೋಡೆಯಲ್ಲಿ ಮೊದಲ ವಾರವೇ ಹಳದಿ ನಕ್ಷೆಯಾಗಿ ಮೂಡುತ್ತದೆ. ಹೊರಗೋಡೆಯ ಕತೆ ಬೇರೆ. ಕರಾವಳಿ, ಮಲೆನಾಡಿನ ಮಳೆಗೆ ಬಿಳಿ ಹೊರಗೋಡೆ ಒಂದೇ ಆಷಾಢದಲ್ಲಿ ಕಪ್ಪು ಪಾಚಿ ಹಿಡಿಯುತ್ತದೆ. ನೆಲಕ್ಕೆ ಬಿದ್ದ ಹನಿ ಸಿಡಿದು ಕೆಸರು ಹಾರುವ ಬುಡದ ಎರಡು ಮೂರು ಅಡಿಗೆ ಕೆಮ್ಮಣ್ಣಿನ ಕಾರಣೆ ಎಳೆದು, ಮೇಲಕ್ಕೆ ಸುಣ್ಣ ಬಳಿಯುತ್ತಿದ್ದ ಕ್ರಮ ಇದಕ್ಕೆ ಕಂಡುಕೊಂಡ ಉಪಾಯ. ಆ ಬುಡದ ಪಟ್ಟಿಗೆ ಈಗ ಯಾವ ಗಾಢ ಬಣ್ಣ ಬೇಕಾದರೂ ಹಾಕಿಕೊಳ್ಳಬಹುದು, ನೀಲಿಯನ್ನೂ.

ಹಾಗಾದರೆ ನೀಲಿಗೆ ಮನೆಯೊಳಗೆ ಜಾಗವೇ ಇಲ್ಲವೇ? ಇದೆ, ಬೆಳಕು ಮಿಕ್ಕಿ ಚೆಲ್ಲುವ ಕಡೆ. ದೊಡ್ಡ ಕಿಟಕಿಯ, ಪಶ್ಚಿಮದ ಬಿಸಿಲು ಹೊಡೆಯುವ ಕೋಣೆಯಲ್ಲಿ ಬಿಳಿ ಗೋಡೆ ಸಂಜೆ ನಾಲ್ಕಕ್ಕೆ ಕಣ್ಣು ಕೋರೈಸುತ್ತದೆ. ಹೊಳಪಿನ ಪೇಂಟಾದರೆ ಕೇಳುವುದೇ ಬೇಡ. ಅಂಥಲ್ಲಿ ಒಂದು ಗೋಡೆ ತಿಳಿನೀಲಿಯಾದರೆ ಕಣ್ಣಿಗೆ ನಿಜಕ್ಕೂ ಆರಾಮ. ಯಾವ ಗೋಡೆ ಎಂಬುದರಲ್ಲಿ ಹಲವರು ಎಡವುತ್ತಾರೆ. ಕಿಟಕಿಯಿರುವ ಗೋಡೆಗೇ ಗಾಢ ನೀಲಿ ಹೊಡೆಸಿದರೆ ಉರಿಯುವ ಕಿಟಕಿ, ಪಕ್ಕದಲ್ಲೇ ಕತ್ತಲೆ ಗೋಡೆ, ಎರಡರ ನಡುವೆ ಕಣ್ಣು ಸೋಲುತ್ತದೆ. ಕಿಟಕಿಯ ಗೋಡೆ ಬಿಳಿಯಾಗಿಯೇ ಇರಲಿ. ನೀಲಿ ಪಕ್ಕದ ಗೋಡೆಗೆ ಬರಲಿ, ಅಥವಾ ಮಂಚದ ತಲೆಯ ಹಿಂದಿನದಕ್ಕೆ, ಅದು ಮಲಗಿದವರ ಕಣ್ಣಿಗೆ ಬೀಳುವುದೂ ಇಲ್ಲ, ಎದ್ದು ಬಂದವರಿಗೆ ಚೆಂದವೂ ಹೌದು. ಸೂರು ಮಾತ್ರ ಎಂದೆಂದಿಗೂ ಬಿಳಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಣ್ಣಕ್ಕೆ ಧಾರಾಳವಾಗಿ ನೀಲಿ ಹಾಕಿ ಬಳಿದ ಹೊರಗೋಡೆಗಳು ಈಗಲೂ ಕಾಣುತ್ತವೆ. ಮರದ ನೆರಳಿಲ್ಲದ ಬಯಲು, ಬೆಳ್ಳನೆಯ ರಸ್ತೆ, ಸುಡುವ ಬಿಸಿಲು. ಅಲ್ಲಿ ಆ ನೀಲಿ ಕಣ್ಣಿನ ಉರಿ ತಗ್ಗಿಸುವ ಕೆಲಸ ಮಾಡುತ್ತದೆ. ಅದೇ ಬಣ್ಣವನ್ನು ತೀರ್ಥಹಳ್ಳಿಯ ಮಳೆಗಾಲದ ಜಗಲಿಗೆ ತಂದರೆ ಮೋಡದ ಮೇಲೆ ಇನ್ನೊಂದು ಮೋಡ.

ಈ ಸಲ ಹಬ್ಬಕ್ಕೆ ಬಣ್ಣ ಹೊಡೆಸುವವರು ದುಡ್ಡು ಸಾಲದಿದ್ದರೆ ನಡುಮನೆಯನ್ನು ಬಿಟ್ಟು ಮೊದಲು ತಾರಸಿಗೆ ಬಿಳಿ ಬಳಿಸಿ. ಒಳಗೋಡೆಗೆ ಬಿಳಿಯ ಹತ್ತಿರದ, ಹೊಳಪಿಲ್ಲದ ಬಣ್ಣ ಸಾಕು. ನೀಲಿಯ ಆಸೆ ಬಿಡದಿದ್ದರೆ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಎರಡು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿ, ಎಲ್‌ಆರ್‌ವಿ 60ಕ್ಕಿಂತ ಮೇಲಿದೆಯೇ ಎಂದು ಅಂಗಡಿಯಲ್ಲಿ ಕೇಳಿ. ಆಮೇಲೆ ಚಿಕ್ಕ ಡಬ್ಬವೊಂದನ್ನು ಕಲಸಿ ತಂದು, ಆ ಗೋಡೆಯ ಮೇಲೆಯೇ ಎರಡಡಿ ಅಗಲಕ್ಕೆ ಎರಡು ಕೋಟ್ ಹೊಡೆದು, ಒಣಗಲು ಬಿಡಿ. ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ, ರಾತ್ರಿ ನಿಮ್ಮದೇ ಬಲ್ಬಿನಡಿ ಒಮ್ಮೆ ನೋಡಿ. ಆ ಡಬ್ಬದ ಬೆಲೆ ಪೇಂಟರ್‌ನ ಒಂದು ದಿನದ ಕೂಲಿಗಿಂತ ಕಡಿಮೆ.